ಬಲ ಮೇಜಿನ ಕೇಬಲ್

ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುವವನು ನಾನು. ಬನ್ನಂಜೆಯ ಬಸ್ ಸ್ಟಾಪಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದು ನಾಲ್ಕನೆಯ ಸಲ ಎಳೆದದ್ದೂ ಉಂಟು. ಒಮ್ಮೆ ಹೆಂಡತಿ ಒಳಗಿದ್ದಾಗಲೇ ಹೊರಗಿನಿಂದ ಬೀಗ ಹಾಕಿ, ಅದನ್ನೂ ಮೂರು ಸಲ ಎಳೆದು ಹೋಗಿದ್ದೆ. ಇಂಥ ಮನುಷ್ಯ ತನ್ನ ಪರೀಕ್ಷಾ ಮೇಜಿನ ಮೇಲೆ ಬಿದ್ದಿದ್ದ ಒಂದು ಮೀಟರಿನಷ್ಟು ಕೇಬಲನ್ನು ಅನುಮಾನಿಸಲಿಲ್ಲ. ಅದರ ಮಾತು ನಂಬಿ ಒಬ್ಬ ಹೆಂಗಸಿನ ಕೆಲಸ ಹೋಗುವಂತೆ ಮಾಡಿದ. ಇದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಒಂದು ಪಟ್ಟಿಯೇ ಉಂಟು. ಅದರಲ್ಲಿ ನನ್ನ ಹೆಸರು ಕೆಳಗೇನೂ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಮಣಿಪಾಲದಲ್ಲಿ ಇಪ್ಪತ್ತು ಜನರ ಒಂದು ಕಾರ್ಖಾನೆ. ಮೀನುಗಾರಿಕೆಯ ದೋಣಿಗಳಿಗೆ ವಯರ್‌ಲೆಸ್ ಸೆಟ್ ಮಾಡಿಕೊಡುವ ಕೆಲಸ ಹಿಡಿದಿದ್ದೆವು. ಕೊಳ್ಳುವವರು ಒಂದು ಮೀನುಗಾರರ ಸಂಘದವರು. ಮಳೆಗಾಲದ ಮೊದಲು ಸೆಟ್ಟುಗಳು ದೋಣಿ ಸೇರಬೇಕಿತ್ತು.

ಕಾರ್ಖಾನೆಯಲ್ಲಿ ಜೋಡಣೆಗೆ ಎರಡು ಸಾಲು. ಎಡ ಸಾಲಿನವರು ಮಾಡಿದ ಸೆಟ್ಟು ಎಡ ಪರೀಕ್ಷಾ ಮೇಜಿಗೆ, ಬಲ ಸಾಲಿನದ್ದು ಬಲ ಮೇಜಿಗೆ. ಯಾವ ತಪ್ಪು ಯಾವ ಸಾಲಿನದ್ದೆಂದು ಕೂಡಲೇ ತಿಳಿಯಲಿ, ಬೆರಕೆಯಾಗದಿರಲಿ ಎಂದು ಈ ನಿಯಮ ಮಾಡಿದವನು ನಾನೇ. ಪರೀಕ್ಷೆಯ ಉಸ್ತುವಾರಿ ನನ್ನದು. ನನಗೊಂದು ಉದ್ದದ ಪುಸ್ತಕವಿತ್ತು. ಯಾವ ಸೆಟ್ಟು, ಯಾರು ಬೆಸುಗೆ ಹಾಕಿದ್ದು, ಎಷ್ಟು ವಾಟ್ ಬಂತು ಎಂದು ಅದರಲ್ಲಿ ಬರೆಯುತ್ತಿದ್ದೆ. ಪಾಸಾದದ್ದು ನೀಲಿ ಶಾಯಿಯಲ್ಲಿ, ಫೇಲಾದದ್ದು ಕೆಂಪಿನಲ್ಲಿ. ಚಿಂತೆಯ ಮನುಷ್ಯರಿಗೆ ಇಂಥ ಪುಸ್ತಕಗಳು ಬಹಳ ಸಮಾಧಾನ ಕೊಡುತ್ತವೆ.

ಬಲ ಸಾಲಿನ ಮುಖ್ಯ ಕೆಲಸಗಾರ್ತಿಯನ್ನು ಎಲ್ಲರೂ ಮಟ್ಟುವಿನ ಅಕ್ಕ ಎನ್ನುತ್ತಿದ್ದೆವು. ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ಅಕ್ಕ. ಮಟ್ಟುವಿನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಅವರ ಬೆಸುಗೆ ಸಣ್ಣ ಮಣಿಯ ಹಾಗೆ ಹೊಳೆಯುತ್ತಿತ್ತು. ಎರಡು ವರ್ಷದಿಂದ ತಾತ್ಕಾಲಿಕ ಕೆಲಸ. ಈ ಸಲದ ಸೆಟ್ಟುಗಳು ಮುಗಿದ ಮೇಲೆ ಕಾಯಂ ಮಾಡುತ್ತೇವೆಂದು ಮ್ಯಾನೇಜರು ಹೇಳಿದ್ದರು. ಮನೆಯಲ್ಲಿ ಗುಳ್ಳದ, ಎಂದರೆ ಗುಂಡು ಬದನೆಯ, ಬೆಳೆ ಇತ್ತು. ಕಾಲ ಬಂದಾಗ ವಾರಕ್ಕೊಮ್ಮೆ ಕಾಗದದಲ್ಲಿ ಸುತ್ತಿದ ಎರಡು ಗುಳ್ಳ ನನ್ನ ಮೇಜಿನ ಮೂಲೆಯಲ್ಲಿ ಇರುತ್ತಿದ್ದವು. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ವಿಷಯ ಮುಂದೆ ಮತ್ತೆ ಬರುತ್ತದೆ.

ತೊಂದರೆ ಶುರುವಾದದ್ದು ಹಳೆಯ ಕೇಬಲ್‌ಗಳಿಂದ. ಅಳತೆಯ ಉಪಕರಣಗಳ ಜೊತೆ ಬಂದಿದ್ದ ಕೇಬಲ್‌ಗಳು ಹಳತಾಗಿದ್ದವು. ನಮ್ಮ ಕಡೆಯ ಉಪ್ಪುಗಾಳಿ ಪ್ಲಾಸ್ಟಿಕ್ಕಿನ ಒಳಗೂ ಹೋಗುತ್ತದೆ. ಸಿಪ್ಪೆ ಸುಲಿದರೆ ಒಳಗಿನ ತಾಮ್ರದ ಹೆಣಿಗೆ ಹಸಿರು ಹಿಡಿದು, ಕೈಯಲ್ಲಿ ಹುಡಿಯಾಗುತ್ತಿತ್ತು. ಹೊಸದು ಬೇಕೆಂದು ಚೀಟಿ ಬರೆದೆ. ಆರ್‌ಜಿ ಐವತ್ತೆಂಟು ಎಂಬ ಜಾತಿಯ ಕೇಬಲ್, ಹತ್ತು ಮೀಟರ್; ತಿರುಗಿಸಿ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರ್, ಇಪ್ಪತ್ತು.

ಎರಡು ದಿನದಲ್ಲಿ ಮ್ಯಾನೇಜರು ಕೇಬಲಿನ ಸುರುಳಿಯನ್ನು ತಂದು ನನ್ನ ಮೇಜಿಗೆ ಎಸೆದರು. ನೋಡಿದರೆ ಐವತ್ತೊಂಬತ್ತು. ಟಿವಿ ಆಂಟೆನಾಕ್ಕೆ ಹಾಕುವುದು.

"ಇದು ಐವತ್ತೆಂಟು ಅಲ್ವಲ್ಲ ಸಾರ್" ಎಂದೆ.

"ಐವತ್ತೆಂಟು ಉಡುಪಿಯಲ್ಲಿ ಸ್ಟಾಕ್ ಇಲ್ಲ ಮಾರಾಯ್ರೆ. ಇದು ಐವತ್ತೊಂಬತ್ತು. ಒಂದು ನಂಬರ್ ಜಾಸ್ತಿಯೇ ಉಂಟಲ್ಲ! ನೋಡಿ, ದಪ್ಪವೂ ಉಂಟು."

ಇಲ್ಲಿ ನಾನು ನಗಬಹುದಿತ್ತು. ಚಪ್ಪಲಿಯ ನಂಬರಲ್ಲ ಅದು. ಕೇಬಲಿಗೂ ಒಂದು ಗುಣ ಉಂಟು, ಅದನ್ನು ಓಮಿನಲ್ಲಿ ಹೇಳುತ್ತಾರೆ. ನಮ್ಮ ಸೆಟ್ಟು ಐವತ್ತು ಓಮಿನದ್ದು, ವಾಟ್ ಅಳೆಯುವ ಮೀಟರೂ ಐವತ್ತರದ್ದು. ನಡುವಿನ ಕೇಬಲೂ ಐವತ್ತರದ್ದೇ ಆಗಿರಬೇಕು. ಟಿವಿ ಕೇಬಲು ಎಪ್ಪತ್ತೈದರದ್ದು. ಐವತ್ತರ ನಡುವೆ ಎಪ್ಪತ್ತೈದನ್ನು ತುರುಕಿದರೆ ಹೋಗುವ ಶಕ್ತಿಯಲ್ಲಿ ಒಂದು ಪಾಲು ಹಿಂದಕ್ಕೆ ತಿರುಗುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಡಿಪ್ಲೊಮಾದಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವನು ನಾನು. ಆದರೆ ಆಮೇಲೆ ಹದಿನೈದು ವರ್ಷ ಕೈ ಪಳಗಿದ್ದು ಮನೆಯ ರೇಡಿಯೋ ರಿಪೇರಿಯಲ್ಲಿ. ಆ ರೇಡಿಯೋದ ಅಲೆಗಳು ನೂರಾರು ಮೀಟರ್ ಉದ್ದದವು. ಅಲ್ಲಿ ಒಂದು ಮೀಟರ್ ತಂತಿ ಲೆಕ್ಕಕ್ಕೇ ಇಲ್ಲ. ದೋಣಿಯ ಸೆಟ್ಟಿನ ಅಲೆ ಎರಡು ಮೀಟರಿಗೂ ಕಡಿಮೆ. ತಲೆಗೆ ಇದು ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

"ಒಂದು ಮೀಟರ್ ಕೇಬಲಿಗೆ ಎಂತ ಆಗ್ತದೆ, ನಡೀತದೆ ಬಿಡಿ" ಎಂದವನು ನಾನೇ. ಮ್ಯಾನೇಜರಲ್ಲ, ನಾನು.

ಕೇಬಲು ಕೂಡ ನನ್ನನ್ನು ಎಚ್ಚರಿಸಲು ನೋಡಿತು. ಐವತ್ತೆಂಟಕ್ಕೆಂದೇ ಮಾಡಿದ ಕನೆಕ್ಟರಿನ ಒಳಗೆ ಈ ದಪ್ಪನೆಯದು ಹೋಗುತ್ತಿರಲಿಲ್ಲ. ಬ್ಲೇಡಿನಿಂದ ಸಿಪ್ಪೆಯನ್ನು ಕೆರೆದು ಕೆರೆದು ತೂರಿಸಿದೆ. ನಡುವಿನ ತಂತಿ ತೆಳ್ಳಗಿತ್ತು. ಪಿನ್ನಿನ ತೂತಿನಲ್ಲಿ ಗಡಗಡ ಅಲ್ಲಾಡುತ್ತಿತ್ತು. ಸಂದಿಗೆ ಸೀಸ ಕರಗಿಸಿ ತುಂಬಿದೆ. ಹೊರಗಿನದ್ದು ಬಿಗಿಯಾಗುತ್ತಿದೆ, ಒಳಗಿನದ್ದು ಅಲ್ಲಾಡುತ್ತಿದೆ. ಇದಕ್ಕಿಂತ ಸ್ಪಷ್ಟವಾಗಿ ಒಂದು ವಸ್ತು 'ನಾನು ಇಲ್ಲಿಗೆ ಸೇರಿದ್ದಲ್ಲ' ಎಂದು ಹೇಗೆ ಹೇಳಬೇಕು? ಎಡ ಮೇಜಿನಲ್ಲಿ ವಾಟ್‌ಮೀಟರು ಪಕ್ಕದಲ್ಲೇ ಇತ್ತು, ಅರವತ್ತಮೂರು ಸೆಂಟಿಮೀಟರ್ ಕೇಬಲ್ ಸಾಕಾಯಿತು. ಬಲ ಮೇಜಿನಲ್ಲಿ ಮೀಟರು ಮೇಲಿನ ಹಲಗೆಯ ಮೇಲಿತ್ತು. ಅಲ್ಲಿಗೆ ತೊಂಬತ್ತೈದು ಕತ್ತರಿಸಿದೆ.

ಆ ವಾರದಿಂದ ಎಡ ಸಾಲಿನ ಸೆಟ್ಟುಗಳು ಹತ್ತಕ್ಕೆ ಹತ್ತು ವಾಟ್ ಕೊಡತೊಡಗಿದವು. ಅಕ್ಕನ ಸಾಲಿನದ್ದು ಆರು, ಆರೂವರೆ. ಒಂದಲ್ಲ, ಎರಡಲ್ಲ. ಸಾಲಾಗಿ ಹದಿಮೂರು ಸೆಟ್ಟು. ನನ್ನ ಪುಸ್ತಕದ ಬಲಪುಟ ಕೆಂಪಾಯಿತು.

ಅಕ್ಕ ಸೆಟ್ಟನ್ನು ಬಿಚ್ಚಿ ಭೂತಗನ್ನಡಿ ಹಿಡಿದು ಒಂದೊಂದೇ ಬೆಸುಗೆ ನೋಡಿದರು. ನಾನೂ ನೋಡಿದೆ. ತಪ್ಪು ಕಾಣಲಿಲ್ಲ. ಕಾಣದ ತಪ್ಪು ಇನ್ನೂ ಕೆಟ್ಟದ್ದು ಎಂದು ನನ್ನ ಚಿಂತೆ ಹೆಚ್ಚಾಯಿತು.

"ಸಾರ್, ಇದನ್ನು ಒಮ್ಮೆ ಆಚೆ ಮೇಜಲ್ಲಿ ಇಟ್ಟು ನೋಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ಬಲ ಸಾಲಿನದ್ದು ಬಲ ಮೇಜಿಗೆ ಅಕ್ಕ. ಬೆರಕೆ ಮಾಡಿದ್ರೆ ಪುಸ್ತಕ ಗಜಿಬಿಜಿ ಆಗ್ತದೆ."

"ಒಂದೇ ಒಂದು ಸೆಟ್ ಸಾರ್. ಪುಸ್ತಕದಲ್ಲಿ ಬರೆಯುದು ಬೇಡ."

"ಮೀಟರ್ ಎಂತ, ನಿಮ್ಮ ಮೇಲೆ ಸಿಟ್ಟಲ್ಲಿ ಉಂಟಾ? ಆರು ಅಂದ್ರೆ ಆರು. ತಿರುಪು ಸರಿಯಾಗಿ ತಿರುಗಿಸಿ, ಬರ್ತದೆ."

 ಅಕ್ಕ ನಾನು ಹೇಳಿದ ಹಾಗೆಯೇ ಮಾಡಿದರು. ಸೆಟ್ಟಿನೊಳಗೆ ಶಕ್ತಿಯನ್ನು ಹೊಂದಿಸುವ ಸಣ್ಣ ತಿರುಪುಗಳಿರುತ್ತವೆ. ಬಲ ಮೇಜಿನ ಮೀಟರು ಹತ್ತು ತೋರಿಸುವವರೆಗೆ ಹದಿಮೂರು ಸೆಟ್ಟುಗಳ ತಿರುಪನ್ನೂ ತಿರುಗಿಸಿದರು. ನಾನು ಕೆಂಪಿನ ಕೆಳಗೆ ನೀಲಿಯಲ್ಲಿ 'ತಿದ್ದಿದೆ' ಎಂದು ಬರೆದೆ. ಇಡೀ ಪುಸ್ತಕದಲ್ಲಿ ಅತ್ಯಂತ ಅಚ್ಚುಕಟ್ಟಾದ ಅಕ್ಷರ ಅಲ್ಲಿಯೇ ಇದೆ.

ಸಂಘದ ಪರವಾಗಿ ಸೆಟ್ಟು ಒಪ್ಪಿಕೊಳ್ಳುವವರು ಕಾಪುವಿನ ಒಬ್ಬ ತಾಂಡೇಲರು, ಎಂದರೆ ದೋಣಿ ನಡೆಸುವ ಯಜಮಾನ. ಅದರ ಹಿಂದಿನ ವರ್ಷ ಇಂಜಿನು ನಿಂತು, ಕೂಗಿ ಕರೆಯಲು ಯಾರೂ ಇಲ್ಲದೆ ಎರಡು ದಿನ ಕಡಲಿನಲ್ಲಿ ತೇಲಿದವರು. ಕಾಪುವಿನಲ್ಲಿ ಮರಳಿಗೆ ಎಳೆದಿಟ್ಟ ಅವರ ದೋಣಿಯ ಕಂಬಕ್ಕೆ ಆಂಟೆನಾ ಕಟ್ಟಿ, ಇಪ್ಪತ್ತೈದು ಕಿಲೋಮೀಟರ್ ಆಚೆ ಕಾರ್ಕಳದ ಬಂಡೆಯ ಮೇಲೆ ನಮ್ಮವನೊಬ್ಬನನ್ನು ಇನ್ನೊಂದು ಸೆಟ್ಟಿನ ಜೊತೆ ಕೂರಿಸಿ, ಒಂದು ಶುಕ್ರವಾರ ಪರೀಕ್ಷೆ ಇಟ್ಟೆವು. ಮ್ಯಾನೇಜರೂ ಬಂದಿದ್ದರು, ಬಿಳಿ ಬೂಟು ಹಾಕಿಕೊಂಡು.

ಎಡ ಸಾಲಿನ ಸೆಟ್ಟಿನಲ್ಲಿ ಮಾತಾಡಿದಾಗ ಕಾರ್ಕಳದವನು ಪಕ್ಕದಲ್ಲೇ ನಿಂತವನ ಹಾಗೆ ಉತ್ತರಿಸಿದ. ಅಕ್ಕನ ಸೆಟ್ಟನ್ನು ಹಾಕಿದೆ. ಕಾರ್ಕಳದಿಂದ "ಎಂತ? ಎಂತ?" ಎಂಬುದು ಬಿಟ್ಟು ಬೇರೆ ಬರಲಿಲ್ಲ. ಸೆಟ್ಟಿನ ಬೆನ್ನು ಮುಟ್ಟಿದರೆ ದೋಸೆ ಕಾವಲಿಯಷ್ಟು ಬಿಸಿ. ಇನ್ನೊಂದು ಹಾಕಿದೆ, ಅದೂ ಹಾಗೆಯೇ.

ತಾಂಡೇಲರು ಬೀಡಿಯನ್ನು ಬಾಯಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದರು. "ಸಾರ್, ಈ ಡಬ್ಬ ಬೇಡ. ನಾನು ಕಂಬ ಹತ್ತಿ ಬೊಬ್ಬೆ ಹಾಕಿದ್ರೆ ಇದಕ್ಕಿಂತ ದೂರ ಕೇಳ್ತದೆ."

ಮ್ಯಾನೇಜರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಪುಟ ತಿರುಗಿಸಿ ತಾಂಡೇಲರ ಮುಂದೆ ಹಿಡಿದರು. "ನೋಡಿ, ನಮ್ಮಲ್ಲಿ ಎಲ್ಲದಕ್ಕೂ ಲೆಕ್ಕ ಉಂಟು. ಹಾಳಾದ್ದು ಎಲ್ಲ ಒಬ್ಬಳೇ ಹೆಂಗಸಿನ ಕೈಯದ್ದು. ನಾಳೆಯೇ ಕಳಿಸ್ತೇನೆ."

ನಾನು ಬಾಯಿ ತೆರೆದೆ. ಬಾಯಿಂದ ಬಂದದ್ದು ಏನು ಗೊತ್ತೇ? "ಬೆಸುಗೆ ಚೆಂದವೇ ಇರ್ತದೆ ಸಾರ್" ಎಂಬ ಒಂದು ಸಾಲು. ಅಷ್ಟೇ. ಪುಸ್ತಕ ನನ್ನದು, ಅಕ್ಷರ ನನ್ನದು, ಅದರ ಎದುರು ನಿಂತು ವಾದಿಸಲು ನನ್ನಲ್ಲೇ ಏನೂ ಇರಲಿಲ್ಲ.

ಶನಿವಾರ ಅಕ್ಕನಿಗೆ ಸೋಮವಾರದಿಂದ ಬರುವುದು ಬೇಡ ಎಂದರು. ಅವರು ಅಳಲಿಲ್ಲ, ಕೂಗಲಿಲ್ಲ. ತಮ್ಮ ಚಿಮಟವನ್ನು ಒರೆಸಿ ಡಬ್ಬಿಯೊಳಗೆ ಇಟ್ಟರು. ಬೆಳಿಗ್ಗೆಯೇ ತಂದಿದ್ದ ಎರಡು ಗುಳ್ಳ ನನ್ನ ಮೇಜಿನ ಮೂಲೆಯಲ್ಲಿತ್ತು. ಅದನ್ನು ವಾಪಸು ತೆಗೆದುಕೊಂಡು ಹೋಗುತ್ತಾರೆಂದು ನೆನೆಸಿದೆ. ಮುಟ್ಟಲಿಲ್ಲ. ಹೋಗುವಾಗ ನನ್ನ ಕಡೆ ತಿರುಗಿ, ತುಳುವಿನಲ್ಲಲ್ಲ, ಕನ್ನಡದಲ್ಲಿ, "ಬರ್ತೇನೆ ಸಾರ್" ಎಂದರು. ಬ್ಯಾಂಕಿನವರ ಜೊತೆ, ಪಂಚಾಯತಿನವರ ಜೊತೆ ಮಾತಾಡುವ ಕನ್ನಡ ಅದು.

ಹೆಂಡತಿ ಆ ಗುಳ್ಳದ ಬೋಳುಹುಳಿ ಮಾಡಿದಳು. ಊಟ ಸೇರಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಮರುಕ ಹುಟ್ಟೀತು. ಸೇರಿತು. ಎರಡು ಸಲ ಹಾಕಿಸಿಕೊಂಡೆ.

ಸೋಮವಾರ ಮತ್ತೆ ಕಾಪು. ಉಳಿದ ಸೆಟ್ಟುಗಳಲ್ಲಿ ಎಷ್ಟು ಹಾಳು ಎಂದು ಅಲ್ಲಿಯೇ ಅಳೆದು ತಾಂಡೇಲರಿಗೆ ತೋರಿಸಬೇಕಿತ್ತು. ವಾಟ್‌ಮೀಟರನ್ನು, ಎರಡೂ ಮೇಜಿನ ಕೇಬಲ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಸೆಟ್ಟಿಗೂ ಆಂಟೆನಾಕ್ಕೂ ನಡುವೆ ಮೀಟರನ್ನು ಇಡಬೇಕು. ದೋಣಿಯ ಹಲಗೆ ಓರೆ. ಮೀಟರು ಸೆಟ್ಟಿನ ಪಕ್ಕ ನಿಲ್ಲಲಿಲ್ಲ, ಜಾರುತ್ತಿತ್ತು. ಕೆಳಗಿನ ಹಲಗೆಗೆ ಇಳಿಸಿದೆ. ಎಡ ಮೇಜಿನ ಗಿಡ್ಡ ಕೇಬಲು ಅಲ್ಲಿಗೆ ತಾಗಲಿಲ್ಲ. ಬಲ ಮೇಜಿನ ಉದ್ದದ್ದನ್ನು ಹಾಕಿದೆ. ಹಾಕಿದ್ದು ಎಡ ಸಾಲಿನ ಅತ್ಯುತ್ತಮ ಸೆಟ್ಟಿಗೆ, ಶುಕ್ರವಾರ ಕಾರ್ಕಳದವರೆಗೆ ಮಾತಾಡಿದ ಅದೇ ಸೆಟ್ಟಿಗೆ.

ಮುಳ್ಳು ಆರೂವರೆಗೆ ಬಂದು ನಿಂತಿತು.

ಬ್ಯಾಟರಿ ನೋಡಿದೆ. ಸರಿ ಇತ್ತು. ಮೀಟರನ್ನು ತಟ್ಟಿದೆ. ಕೊನೆಗೆ, ಬೇರೆ ಎಂತ ಮಾಡುವುದೆಂದು ತೋಚದೆ, ಮೀಟರನ್ನು ಮೇಲೆ ತಂದು ತಾಂಡೇಲರಿಗೆ ಹಿಡಿದುಕೊಳ್ಳಲು ಕೊಟ್ಟು ಗಿಡ್ಡ ಕೇಬಲು ಹಾಕಿದೆ. ಹತ್ತು. ಉದ್ದದ್ದು ಹಾಕಿದೆ. ಆರೂವರೆ. ಆಮೇಲೆ ಅಕ್ಕನ ಸೆಟ್ಟು ತೆಗೆದೆ. ಗಿಡ್ಡ ಕೇಬಲಿನಲ್ಲಿ ಆರು, ಉದ್ದದ್ದರಲ್ಲಿ ಸರಿಯಾಗಿ ಹತ್ತು. ಆರು ಸಲ ಬದಲಾಯಿಸಿದೆ. ಬೀಗ ಎಳೆಯುವವನಲ್ಲವೇ.

"ಎಂತ ಸಾರ್, ಹೊಟ್ಟೆನೋವಾ?" ಎಂದರು ತಾಂಡೇಲರು. ನಾನು ಮರಳಿನ ಮೇಲೆ ಕೂತುಬಿಟ್ಟಿದ್ದೆ.

ಒಂದು ಕಡ್ಡಿ ಹುಡುಕಿ ಮರಳಿನ ಮೇಲೆ ಲೆಕ್ಕ ಬರೆದೆ. ನಮ್ಮ ಅಲೆ ಗಾಳಿಯಲ್ಲಿ ಒಂದು ಮೀಟರ್ ತೊಂಬತ್ತು ಸೆಂಟಿಮೀಟರ್ ಚಿಲ್ಲರೆ. ಕೇಬಲಿನ ಒಳಗೆ ಅದು ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ. ಒಂದು ಮೀಟರ್ ಇಪ್ಪತ್ತಾರು. ಅದರಲ್ಲಿ ಸರಿ ಅರ್ಧ ಅರವತ್ತಮೂರು. ತಪ್ಪು ಓಮಿನ ಕೇಬಲಾದರೂ ಸರಿ ಅರ್ಧ ಅಲೆಯಷ್ಟು ಉದ್ದವಿದ್ದರೆ ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮುಕ್ಕಾಲು ಅಲೆಯಷ್ಟು ಇದ್ದರೆ ಅತ್ಯಂತ ಜೋರಾಗಿ ತೋರಿಸುತ್ತದೆ. ಮುಕ್ಕಾಲು ಎಂದರೆ ತೊಂಬತ್ತೈದು. ಬೇಕೆಂದೇ ಅಳೆದು ಕತ್ತರಿಸಿದ್ದರೂ ಇಷ್ಟು ಕರಾರುವಾಕ್ಕಾಗಿ ತಪ್ಪಲು ನನ್ನಿಂದ ಆಗುತ್ತಿರಲಿಲ್ಲ.

ಅಂದರೆ ಅಕ್ಕನ ಹದಿಮೂರು ಸೆಟ್ಟುಗಳೂ ಮೊದಲು ಚೆನ್ನಾಗಿಯೇ ಇದ್ದವು. ಕೆಟ್ಟ ಕೇಬಲಿಗೆ ಹೊಂದುವ ಹಾಗೆ ತಿರುಪು ತಿರುಗಿಸಲು ಹೇಳಿ ಅವನ್ನು ಕೆಡಿಸಿದ್ದು ನಾನು. ದೋಣಿಯ ಆಂಟೆನಾ ಮತ್ತು ಅದರ ಕೇಬಲು ಐವತ್ತರದ್ದು. ಅಲ್ಲಿಗೆ ಹೋದಾಗ ಅವು ಸೋತವು. ಕೆಡಿಸಿದ ಕೈಗೆ ಪುಸ್ತಕ ಕೊಟ್ಟಿದ್ದರು, ಕಟ್ಟಿದ ಕೈಯನ್ನು ಮನೆಗೆ ಕಳಿಸಿದ್ದರು.

ಮಣಿಪಾಲಕ್ಕೆ ಬಂದು ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ಕೇಳಿದ ರೀತಿಯಲ್ಲೇ ನನಗೆ ಅನುಮಾನ ಬಂತು. ಆಶ್ಚರ್ಯವೇ ಇರಲಿಲ್ಲ ಮುಖದಲ್ಲಿ.

"ಗಿಡ್ಡ ಕೇಬಲಿನಲ್ಲಿ ಸರಿ ಬರ್ತದಲ್ಲ?" ಎಂದರು.

"ಬರ್ತದೆ. ಆದ್ರೆ ಅದು..."

"ಹಾಗಾದ್ರೆ ಎಲ್ಲ ಕೇಬಲನ್ನೂ ಅರವತ್ತಮೂರಕ್ಕೆ ಕತ್ತರಿಸಿ. ಹದಿಮೂರು ಸೆಟ್ಟಿನ ತಿರುಪು ವಾಪಸು ತಿರುಗಿಸಿ. ಮುಗೀತು."

"ಮತ್ತೆ ಅಕ್ಕ?"

"ಅವಳು ಟೆಂಪರರಿ ಮಾರಾಯ್ರೆ. ಕೆಲಸದವಳ ತಪ್ಪು ಅಂದ್ರೆ ಸಂಘದವರು ಒಪ್ತಾರೆ. ನಮ್ಮ ಅಳತೆಯೇ ತಪ್ಪು ಅಂದ್ರೆ ಆರ್ಡರೇ ಹೋಗ್ತದೆ. ನಿಮ್ಮ ಹೆಸರೂ ಹೋಗ್ತದೆ, ನೆನಪುಂಟಲ್ಲ?"

ನೆನಪಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಇಡೀ ಮಧ್ಯಾಹ್ನ ನಾನು ಅದನ್ನು ಯೋಚಿಸಿದೆ. ಏಕೆಂದರೆ ಅವರು ಹೇಳಿದ್ದು ಕೆಲಸಕ್ಕೆ ಬಾರದ ಉಪಾಯವಲ್ಲ. ಆ ಒಂದು ಅಲೆಗೆ ಅರವತ್ತಮೂರು ಸೆಂಟಿಮೀಟರಿನ ಸುಳ್ಳು ಸರಿಯಾಗಿ ನಡೆಯುತ್ತಿತ್ತು. ಸೆಟ್ಟುಗಳು ಕಾರ್ಕಳವನ್ನು ಮುಟ್ಟುತ್ತಿದ್ದವು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೆ ಉಳಿಯುವುದು ಒಂದೇ: ಅಕ್ಕನ ಕೈ ಹಾಳಾಗಿರಲಿಲ್ಲ ಎಂಬುದು.

ಸಂಜೆ ಬನ್ನಂಜೆಯ ಮನೆಗೆ ಹೋಗುವ ಮೊದಲು ಉಡುಪಿಯ ಬಿಡಿಭಾಗಗಳ ಅಂಗಡಿಗೆ ಹೋದೆ. ಅಂಗಡಿಯವರು ಬ್ಯಾರಿ ಸಮುದಾಯದ ಹಿರಿಯರು. ನಾವೆಲ್ಲ ಕಾಕ ಎಂದು ಕರೆಯುತ್ತಿದ್ದೆವು. ತಮ್ಮಂದಿರು ಗಲ್ಫಿನಲ್ಲಿದ್ದರು. ಅಂಗಡಿಯಲ್ಲಿ ಅವರು ಕಳಿಸಿದ ಟೇಪ್ ರೆಕಾರ್ಡರ್, ಸೆಂಟಿನ ಬಾಟಲಿಗಳ ನಡುವೆ ರೆಸಿಸ್ಟರ್, ವಾಲ್ವುಗಳ ಡಬ್ಬಿ.

"ಕಾಕ, ಐವತ್ತೆಂಟು ಕೇಬಲ್ ಯಾವಾಗ ಬರ್ತದೆ?"

"ತರಿಸಿ ಕೊಡ್ತೇನೆ ಅಂತ ಹತ್ತು ದಿನ ಹಿಂದೆಯೇ ಅಂದೆನಲ್ಲ, ನಿಮ್ಮ ಮ್ಯಾನೇಜರು ಬೇಡ ಅಂದ್ರು. ಟಿವಿದು ತಕ್ಕೊಂಡು ಹೋದ್ರು. ಸ್ವಾಮಿ, ಇದು ವಯರ್‌ಲೆಸ್ಸಿಗೆ ಆಗುದಿಲ್ಲ, ಎಪ್ಪತ್ತೈದು ಇದು ಅಂತ ಎರಡು ಸಲ ಹೇಳಿದೆ. ಅಂಗಡಿಯವರಿಗೆ ಎಂತ ಗೊತ್ತು ಕಾಕ ಅಂತ ನಗಾಡಿದ್ರು."

ನನಗೆ ಅಂಗಡಿಯ ಮುಂದಿನ ಬೆಂಚನ್ನು ಒದೆಯಬೇಕೆನಿಸಿತು. ಒದ್ದೆ. ಬೆಂಚು ಸಾಗುವಾನಿಯದ್ದು, ಎರಡು ದಿನ ಕುಂಟಿದೆ.

ಕಾಕ ಒಳಗಿನಿಂದ ಎರಡು ತುಂಡು ಕೇಬಲು ತಂದರು, ಒಂದು ಟಿವಿಯದ್ದು, ಇನ್ನೊಂದು ಮಾದರಿಗೆಂದು ಇಟ್ಟಿದ್ದ ಐವತ್ತೆಂಟು. ಅವತ್ತು ಅವರ ಗಾಜಿನ ಮೇಜಿನ ಮೇಲೆ ಕಲಿತದ್ದನ್ನು ಯಾವ ಡಿಪ್ಲೊಮಾದಲ್ಲೂ ಕಲಿತಿರಲಿಲ್ಲ. ಬ್ಲೇಡಿನಿಂದ ಎರಡರ ಸಿಪ್ಪೆಯನ್ನೂ ಸುಲಿದರು. ಟಿವಿಯದ್ದನ್ನು ಬಲ್ಬಿನ ಎದುರು ಹಿಡಿದಾಗ ಹೆಣಿಗೆಯ ಸಂದಿಯಲ್ಲಿ ಒಳಗಿನ ಬಿಳಿ ಕಂಡಿತು, ಹರಕು ಬಲೆಯ ಹಾಗೆ. ಇನ್ನೊಂದರ ಹೆಣಿಗೆ ಎಷ್ಟು ಒತ್ತೊತ್ತಾಗಿತ್ತೆಂದರೆ ಬಿಳಿ ಒಂದು ಚುಕ್ಕೆಯೂ ಕಾಣಲಿಲ್ಲ. ಹಾಳಾದ ಸ್ಪೀಕರಿನ ಅಯಸ್ಕಾಂತ ತೆಗೆದು ನಡುವಿನ ತಂತಿಗೆ ತಂದರು. ಟಿವಿಯದ್ದು ಟಪ್ಪೆಂದು ಅಂಟಿಕೊಂಡಿತು: ಒಳಗೆ ಉಕ್ಕು, ಮೇಲೆ ತಾಮ್ರದ ಹೊದಿಕೆ. ಇನ್ನೊಂದು ಅಲ್ಲಾಡಲಿಲ್ಲ. ಅದರ ನಡುವೆ ಒಂದೇ ತಂತಿಯಲ್ಲ, ಕೂದಲಿನಂಥ ಹಲವು ಎಳೆ.

"ಮೇಜಿನ ಮೇಲಿನದ್ದು ದಿನಕ್ಕೆ ನೂರು ಸಲ ಬಗ್ತದೆ. ಒಂದೇ ತಂತಿ ಇದ್ರೆ ಒಳಗೆ ಮುರೀತದೆ, ಹೊರಗೆ ಕಾಣುದಿಲ್ಲ" ಎಂದರು. "ಉಗುರಲ್ಲಿ ಒತ್ತಿ ನೋಡಿ. ಮೆತ್ತಗೆ ಕುಸಿದ್ರೆ ಬೇಡ. ಕನೆಕ್ಟರಿಗೆ ಕೇಬಲು ತಾನಾಗಿ ಹೋಗ್ಬೇಕು. ಬ್ಲೇಡಲ್ಲಿ ಕೆರೆದು, ಸೀಸ ತುಂಬಿ ಕೂರಿಸುದಾದ್ರೆ ಅದು ಜೋಡಿ ಅಲ್ಲ."

ನಾನು ಕೆರೆದದ್ದು, ತುಂಬಿದ್ದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಬೊಂಬಾಯಿಯಿಂದ ಐವತ್ತೆಂಟು ತರಿಸಲು ಹೇಳಿದೆ. ಒಂದು ವಾರ ಎಂದರು.

ಮರುದಿನ ತಾಂಡೇಲರು ಮಣಿಪಾಲಕ್ಕೇ ಬಂದರು. ಕಾಪುವಿನ ಮರಳಿನಲ್ಲಿ ನಾನು ಬರೆದದ್ದು ಎಂತದ್ದೆಂದು ಅವರಿಗೆ ತಿಳಿಯಬೇಕಿತ್ತು. ಮ್ಯಾನೇಜರು ಚಾ ತರಿಸಿ, "ಎಲ್ಲ ಸರಿ ಮಾಡ್ತಾ ಇದ್ದೇವೆ, ಆ ಹೆಂಗಸನ್ನು ಕಳಿಸಿ ಆಯ್ತು" ಎನ್ನುತ್ತಿದ್ದರು. ನನ್ನ ಮೇಜಿನ ಮೇಲೆ ಅರವತ್ತಮೂರಕ್ಕೆ ಕತ್ತರಿಸಬೇಕಿದ್ದ ಕೇಬಲುಗಳು, ಒಂದು ಅಳತೆಪಟ್ಟಿ, ಒಂದು ಕತ್ತರಿ ಇಕ್ಕಳ.

ನಾನು ಧೈರ್ಯಶಾಲಿಯಲ್ಲ. ಆದರೂ ಇಕ್ಕಳ ಎತ್ತಿಕೊಂಡೆ. ಮೊದಲು ಬಲ ಮೇಜಿನ ಕೇಬಲನ್ನು ನಡುವೆ ಕತ್ತರಿಸಿದೆ. ಆಮೇಲೆ ಎಡ ಮೇಜಿನದ್ದನ್ನು, ಆ ಒಳ್ಳೆಯ ಸುಳ್ಳನ್ನು. ಆಮೇಲೆ ಸುರುಳಿಯಲ್ಲಿ ಉಳಿದದ್ದನ್ನು, ಬೆರಳುದ್ದದ ತುಂಡು ತುಂಡಾಗಿ. ಕಚಕ್ ಕಚಕ್ ಸದ್ದಿಗೆ ಇಡೀ ಕಾರ್ಖಾನೆ ಕೆಲಸ ನಿಲ್ಲಿಸಿತು.

"ಎಂತ ಮಾಡ್ತಿದ್ದೀರಿ? ತಲೆ ಸರಿ ಉಂಟಾ ನಿಮಗೆ?" ಮ್ಯಾನೇಜರು ಎದ್ದು ನಿಂತರು.

"ತಾಂಡೇಲರೇ, ಆ ಹದಿಮೂರು ಸೆಟ್ಟು ಅಕ್ಕ ಹಾಳು ಮಾಡಿದ್ದಲ್ಲ" ಎಂದೆ. ದನಿ ನನ್ನದಲ್ಲ ಎನ್ನುವಷ್ಟು ಜೋರಾಗಿ ಬಂತು. "ಅಳತೆಯ ಕೇಬಲು ತಪ್ಪು. ತಪ್ಪು ಅಂತ ಅಂಗಡಿಯವರು ಎರಡು ಸಲ ಹೇಳಿದ್ದಾರೆ, ಇವರು ಕೇಳಲಿಲ್ಲ. ನನಗೆ ಯಾರೂ ಹೇಳಬೇಕಾಗಿರಲಿಲ್ಲ, ನನಗೆ ಗೊತ್ತಿತ್ತು. ಆಚೆ ಮೇಜಲ್ಲಿ ಇಟ್ಟು ನೋಡಿ ಅಂತ ಅಕ್ಕ ಹೇಳಿದ್ರು. ನಾನು ನೋಡಲಿಲ್ಲ. ಸರಿ ಕೇಬಲು ಬರುವವರೆಗೆ ಇಲ್ಲಿಂದ ಒಂದು ಸೆಟ್ಟೂ ಹೊರಗೆ ಹೋಗುದಿಲ್ಲ."

ತಾಂಡೇಲರು ಚಾ ಕೆಳಗಿಟ್ಟರು. ಒಂದು ತುಂಡು ಕೇಬಲು ಎತ್ತಿ, ತಿರುಗಿಸಿ ನೋಡಿದರು.

"ಅಂದ್ರೆ ಅಳೆಯುವ ಕೋಲೇ ಸೊಟ್ಟ. ಬಟ್ಟೆ ಹೊಲಿದವಳನ್ನು ಓಡಿಸಿದ್ದೀರಿ."

ಆ ತುಂಡನ್ನು ಮೇಜಿಗೆ ಎಸೆದರು.

"ನಾನು ಕಡಲಿನ ಮಧ್ಯೆ ನಿಂತಾಗ ಬದುಕುದು ಈ ಡಬ್ಬದಲ್ಲಿ" ಎಂದರು ಮ್ಯಾನೇಜರ ಕಡೆ ತಿರುಗಿ. "ತಪ್ಪು ಮಾಡಿದವ ತಪ್ಪು ಅಂತ ಹೇಳುವ ಜಾಗದಿಂದ ತಕ್ಕೊಳ್ತೇನೆ. ಮುಚ್ಚಿಡುವ ಜಾಗದಿಂದ ಬೇಡ. ಒಂದು ವಾರ ಕಾಯ್ತೇನೆ. ಆ ಹೆಂಗಸು ನೋಡಿ ಆಗ್ತದೆ ಅಂದ ಸೆಟ್ಟು ಮಾತ್ರ ನನ್ನ ದೋಣಿಗೆ."

ಮ್ಯಾನೇಜರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅವರು ನನ್ನೊಡನೆ ಮುಂದೆ ಒಂದು ವರ್ಷ ಚೀಟಿಯಲ್ಲೇ ಮಾತಾಡಿದರು. ಬಹಳ ನೆಮ್ಮದಿಯ ವರ್ಷ ಅದು.

ಕೇಬಲು ಬಂದ ದಿನ ಬಲ್ಬಿನ ಎದುರು ಹಿಡಿದು ನೋಡಿದೆ, ಅಯಸ್ಕಾಂತ ಹಿಡಿದೆ, ಉಗುರಲ್ಲಿ ಒತ್ತಿದೆ. ಕನೆಕ್ಟರಿನೊಳಗೆ ಅದು ತಾನಾಗಿ ಹೋಗಿ ಕೂತಿತು, ಕೆರೆಯಬೇಕಾಗಲಿಲ್ಲ, ತುಂಬಬೇಕಾಗಲಿಲ್ಲ. ಮೂರು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಒಂದೇ ಸೆಟ್ಟನ್ನು ಮೂರರಲ್ಲೂ ಅಳೆದೆ. ಮೂರರಲ್ಲೂ ಹತ್ತು.

ಪುಸ್ತಕವನ್ನು ಬಗಲಲ್ಲಿ ಹಿಡಿದು ಮಟ್ಟುವಿಗೆ ಹೋದೆ. ಅಕ್ಕ ಗುಳ್ಳದ ಗಿಡಗಳ ನಡುವೆ ಬಗ್ಗಿ ಕೊಯ್ಯುತ್ತಿದ್ದರು. ನನ್ನನ್ನು ಕಂಡು ನಿಂತರು, ಬನ್ನಿ ಎನ್ನಲಿಲ್ಲ. ನಾನು ತುಳುವಿನಲ್ಲಿ ಶುರುಮಾಡಿದೆ. ಎಲ್ಲ ಹೇಳಿದೆ: ಅರವತ್ತಮೂರು, ತೊಂಬತ್ತೈದು, ಕಾಪುವಿನ ಮರಳು. ಪುಸ್ತಕ ತೆರೆದು, ಹದಿಮೂರು ಕೆಂಪು ಸಾಲುಗಳನ್ನು ಹೊಡೆದು ಹಾಕಿ 'ಅಳತೆಯ ತಪ್ಪು, ನನ್ನದು' ಎಂದು ಬರೆದು ಸಹಿ ಹಾಕಿದ್ದನ್ನು ತೋರಿಸಿದೆ.

"ನಾನು ಅವತ್ತು ಎಂತ ಕೇಳಿದ್ದೆ ಸಾರ್?" ಎಂದರು. ಕನ್ನಡದಲ್ಲಿ.

"ಆಚೆ ಮೇಜಲ್ಲಿ ಇಟ್ಟು ನೋಡ್ಲಿಕ್ಕೆ."

"ಎಷ್ಟು ಹೊತ್ತು ಬೇಕಿತ್ತು ಅದಕ್ಕೆ?"

"ಎರಡು ನಿಮಿಷ."

"ಎರಡು ನಿಮಿಷ" ಎಂದು ಅವರು ಬುಟ್ಟಿಯನ್ನು ಕೆಳಗಿಟ್ಟರು. "ಕೈ ಹಾಳಾಗಿದೆ ಅಂತ ಮನೆಯವರೂ ನಂಬಿದ್ರು ಸಾರ್. ನಾನೇ ನಂಬಿದೆ. ರಾತ್ರಿ ಕೈ ಚಾಚಿ ನೋಡ್ತಿದ್ದೆ, ನಡುಗ್ತದಾ ಅಂತ. ಈ ಪುಸ್ತಕದಲ್ಲಿ ಅದನ್ನು ಎಲ್ಲಿ ಬರೀತೀರಿ?"

 ಪುಸ್ತಕ ಮುಚ್ಚಿದೆ.

"ಬರ್ತೇನೆ" ಎಂದರು ಅಕ್ಕ. "ಕಾಯಂ ಅಂತ ಕಾಗದ ಬೇಕು. ಮತ್ತೆ ನನ್ನ ಸೆಟ್ಟು ಎರಡೂ ಮೇಜಲ್ಲಿ ಇಡಬೇಕು. ನನ್ನದು ಮಾತ್ರ ಅಲ್ಲ, ಎಲ್ಲರದ್ದೂ."

ಕಾಗದ ಸಿಕ್ಕಿತು, ತಾಂಡೇಲರ ಹೆಸರು ಹೇಳಿದರೆ ಮ್ಯಾನೇಜರ ಪೆನ್ನು ತಾನಾಗಿ ಓಡುತ್ತಿತ್ತು. ಬಂದ ಮೊದಲ ದಿನ ಅಕ್ಕ ಹದಿಮೂರರಲ್ಲಿ ಒಂದು ಸೆಟ್ಟನ್ನು ಬಿಚ್ಚಿ, ತಿರುಪನ್ನು ವಾಪಸು ತಿರುಗಿಸಿ, ಬಲ ಮೇಜಿನಲ್ಲಿ ಇಟ್ಟರು. ಮುಳ್ಳು ಹತ್ತಕ್ಕೆ ಹೋಯಿತು. ಎತ್ತಿಕೊಂಡು ಎಡ ಮೇಜಿಗೆ ನಡೆದರು. ಅಲ್ಲಿಯೂ ಹತ್ತು. ಅವರು ಮುಳ್ಳನ್ನು ನೋಡುತ್ತಿರಲಿಲ್ಲ, ನನ್ನ ಪೆನ್ನನ್ನು ನೋಡುತ್ತಿದ್ದರು.

"ಎರಡನ್ನೂ ಬರೆಯಿರಿ ಸಾರ್" ಎಂದರು. ಬರೆದೆ. ಆ ದಿನದಿಂದ ನನ್ನ ಪುಸ್ತಕದಲ್ಲಿ ಒಂದೊಂದು ಸೆಟ್ಟಿಗೂ ಎರಡೆರಡು ಸಾಲು.

ಮಳೆಗಾಲ ಕಳೆಯುವವರೆಗೂ ಅವರು ನನ್ನೊಡನೆ ಕನ್ನಡದಲ್ಲೇ ಮಾತಾಡಿದರು. ಆಮೇಲೆ ಒಂದು ದಿನ ಬೆಸುಗೆಯ ಕಡ್ಡಿ ಕೈಗೆ ತಾಗಿ, ನೋವಿನಲ್ಲೋ ಮರೆವಿನಲ್ಲೋ, ನೀರು ಕೊಡಿ ಎಂದು ತುಳುವಿನಲ್ಲಿ ಕೇಳಿದರು. ನಾನು ಓಡಿಹೋಗಿ ತಂದುಕೊಟ್ಟೆ. ಅಂದಿನಿಂದ ಮತ್ತೆ ತುಳು. ಗುಳ್ಳ ಮಾತ್ರ ಈಗಲೂ ನಾನು ಮಾರ್ಕೆಟಿನಲ್ಲೇ ಕೊಳ್ಳುತ್ತೇನೆ.